ದಂಪತಿಗಳ ದೇಶಾಟನ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿಟ್ಟಿದ್ದಾರೆ. ಸುತ್ತುವವರು ಯಾರು, ಮನೆಯಲ್ಲಿ ಉಳಿಯುವವರು ಯಾರು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಅವರಿಗೆ ಕಂಡಿರಲಾರದು. ನಮ್ಮ ಗ್ರಂಥಾಲಯದಲ್ಲಿ ಪ್ರವಾಸ ಕಥನಗಳ ಬೀರು ತೆರೆದರೆ ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರರ ‘ಅಮೇರಿಕಾದಲ್ಲಿ ಗೊರೂರು’ ಸಾಲಾಗಿ ನಿಂತಿವೆ. ಸೊಗಸಾದ ಗ್ರಂಥಗಳೇ ಸರಿ. ಆದರೆ ಮೂರೂ ಗಂಡಸರು ಬರೆದವು. ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಒಂದು ಆ ಸಾಲಿನಿಂದ ಬೇರೆಯಾಗಿ ನಿಲ್ಲುತ್ತದೆ. ಗಂಡ ಹೆಂಡಿರಿಬ್ಬರೂ ಕೂಡಿ ಹೊರಟು, ಚುಕ್ಕಾಣಿಯನ್ನು ಸಮನಾಗಿ ಹಿಡಿದ ಕಥೆ ಆ ಬೀರುವಿನಲ್ಲಿ ನನಗೆ ಸಿಗಲಿಲ್ಲ.

ಅಂಥ ಜನ ಇಲ್ಲದಿಲ್ಲ. ಆಂಗ್ಲ ದಂಪತಿಗಳಾದ ಎರಿಕ್ ಮತ್ತು ಸೂಸನ್ ಹಿಸ್ಕಾಕ್ 1952ರಲ್ಲಿ ‘ವಾಂಡರರ್ III’ ಎಂಬ 30 ಅಡಿಯ ಹಾಯಿದೋಣಿಯಲ್ಲಿ ಹೊರಟು, 1955ರಲ್ಲಿ ಭೂಪ್ರದಕ್ಷಿಣೆ ಮುಗಿಸಿ ಊರು ಸೇರಿದರು. ಮೂವತ್ತು ಅಡಿ ಎಂದರೆ ನಮ್ಮ ತರಗತಿಯ ಕೊಠಡಿಯ ಉದ್ದವಿದ್ದೀತು. ಎರಿಕ್ಕನಿಗೆ ಮೊದಲಿನಿಂದಲೂ ದೃಷ್ಟಿ ಮಂದ. ಇಂಥವನೊಡನೆ ಹೊರಟ ಹೆಂಡತಿ ಅಡಿಗೆ ಮಾಡಿಕೊಂಡು ಕುಳಿತಿದ್ದರೆ ದೋಣಿ ದಡ ಸೇರುತ್ತಿತ್ತೆ? ಕಡಲ ನಡುವೆ ಇಬ್ಬರೇ ಇದ್ದಾಗ ಒಬ್ಬರು ಮಲಗಿದರೆ ಇನ್ನೊಬ್ಬರು ಎಚ್ಚರವಿರಲೇಬೇಕು. ಎಚ್ಚರವಿದ್ದವರಿಗೆ ಗಾಳಿಯೂ ತಿಳಿದಿರಬೇಕು, ನಕಾಶೆಯೂ ತಿಳಿದಿರಬೇಕು. ಅಲ್ಲಿ ಸಮಾನತೆಯನ್ನು ಕುರಿತು ಯಾರೂ ಭಾಷಣ ಮಾಡಬೇಕಾಗಿಲ್ಲ.

ಅವರ ತರುವಾಯ ಲಿನ್ ಮತ್ತು ಲ್ಯಾರಿ ಪಾರ್ಡಿ ಎಂಬವರು ತಮ್ಮ ಕೈಯಾರೆ ಕಟ್ಟಿದ ‘ಸೆರಾಫಿನ್’ ದೋಣಿಯನ್ನು 1968ರಲ್ಲಿ ನೀರಿಗಿಳಿಸಿದರು. ಉದ್ದ 24 ಅಡಿ ಚಿಲ್ಲರೆ, ಇಂಜಿನ್ನೇ ಇಲ್ಲ. ದಾರಿಯ ಬಂದರುಗಳಲ್ಲಿ ಬೇರೆಯವರ ದೋಣಿ ರಿಪೇರಿ ಮಾಡಿ ನಾಲ್ಕು ಕಾಸು ಸಂಪಾದಿಸುತ್ತ, ಸುಮಾರು ಹನ್ನೊಂದು ವರ್ಷ ಸುತ್ತಿದರು. ನಮ್ಮ ದೇಶದಲ್ಲಿಯೇ ನೌಕಾಪಡೆಯ ದಿಲ್ನಾ ಮತ್ತು ರೂಪಾ 2024ರ ಅಕ್ಟೋಬರ್ 2ರಂದು ಗೋವೆಯಿಂದ ‘ತಾರಿಣಿ’ಯಲ್ಲಿ ಹೊರಟು, ಫ್ರೀಮ್ಯಾಂಟಲ್, ಲಿಟಲ್ಟನ್, ಪೋರ್ಟ್ ಸ್ಟ್ಯಾನ್ಲಿ, ಕೇಪ್‌ಟೌನ್ ಬಂದರುಗಳನ್ನು ಮುಟ್ಟಿ, 2025ರ ಮೇ ತಿಂಗಳ ಕೊನೆಗೆ ಮರಳಿದರು. ಇವರು ದಂಪತಿಗಳಲ್ಲ, ಇಬ್ಬರೂ ಹೆಂಗಸರು; ನನ್ನ ವಾದಕ್ಕೆ ಅದರಿಂದ ಬಲವೇ ಹೆಚ್ಚಿತು.

ಇದನ್ನೆಲ್ಲ ಹೇಳಿದಾಗ ನನ್ನ ಮಿತ್ರನೊಬ್ಬನು, “ದುಡ್ಡಿದ್ದವರ ಮಾತು ಬಿಡಯ್ಯಾ, ತೆಪ್ಪೋತ್ಸವದ ತೆಪ್ಪ ಬಿಟ್ಟರೆ ಕೋಲಾರದವರಾದ ನಮಗೆ ದೋಣಿ ಎಲ್ಲಿಯದು?” ಎಂದು ನಕ್ಕನು. ನಮ್ಮ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯೇ ಇಲ್ಲ, ನಿಜ. ಹಣದ ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿದೆ. ಕೊಚ್ಚಿಯಲ್ಲಿ ವಿಜಯನ್ ಮತ್ತು ಮೋಹನಾ ಎಂಬ ದಂಪತಿಗಳು ಸಣ್ಣದೊಂದು ಕಾಫಿ ಅಂಗಡಿ ನಡೆಸುತ್ತಿದ್ದರು. ದಿನದ ವ್ಯಾಪಾರದಲ್ಲಿ ಅಷ್ಟಿಷ್ಟು ಉಳಿಸುವುದು, ಸಾಲದೆ ಬಂದದ್ದನ್ನು ಬ್ಯಾಂಕಿನಲ್ಲಿ ಸಾಲ ತರುವುದು, ಹೋಗಿಬಂದು ಮತ್ತೆ ಚಹಾ ಕಾಯಿಸಿ ಸಾಲ ತೀರಿಸುವುದು, ತೀರಿತೆನ್ನುವಾಗ ಮತ್ತೆ ಹೊರಡುವುದು. ಹೀಗೆಯೇ ಇಬ್ಬರೂ ಸುಮಾರು 26 ದೇಶಗಳನ್ನು ನೋಡಿದರು. ರಷ್ಯಾ ನೋಡಿ ಬಂದ ಕೆಲವೇ ದಿನಗಳಲ್ಲಿ, 2021ರ ನವೆಂಬರಿನಲ್ಲಿ, ವಿಜಯನ್ ತೀರಿಕೊಂಡರು.

ಇನ್ನು ವ್ಯಾನಿನ ಮಾತು. ವ್ಯಾನನ್ನೇ ಮನೆಮಾಡಿಕೊಂಡು ಪರದೇಶದ ಪಟ್ಟಣಗಳನ್ನು ಸುತ್ತುವವರು ಇಂದು ಹಲವರು. 1957ರಲ್ಲಿ ಲಂಡನ್ನಿನಿಂದ ಕಲ್ಕತ್ತೆಗೆ ಬಸ್ಸೇ ಬಂದಿತ್ತು. 1979ರಲ್ಲಿ ಇರಾನಿನ ಕ್ರಾಂತಿ, ಆಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ ಎರಡೂ ಸೇರಿ ಆ ದಾರಿಯನ್ನು ಕೆಡಿಸಿದವು. ಈಗ ನಮ್ಮ ವಾಹನವನ್ನು ಹಲವು ದೇಶಗಳ ಗಡಿ ದಾಟಿಸಬೇಕಾದರೆ ಕಾರ್ನೆ ಎಂಬ ಜಾಮೀನು ಪತ್ರ ಬೇಕು. ವಾಹನವನ್ನು ಅಲ್ಲಿಯೇ ಮಾರಿ ಬರುವುದಿಲ್ಲವೆಂಬುದಕ್ಕೆ ಅದು ಆಧಾರ. ಯೂರೋಪಿನ ಷೆಂಗೆನ್ ಒಕ್ಕೂಟದ 29 ದೇಶಗಳಲ್ಲಿ ಪ್ರವಾಸಿಯಾಗಿ ನಿಲ್ಲಲು 180 ದಿನಗಳಲ್ಲಿ 90 ದಿನ ಮಾತ್ರ ಅವಕಾಶ. ನಮ್ಮ ಪಾಸ್‌ಪೋರ್ಟಿನವರು ಅದಕ್ಕೂ ಮುಂಚೆಯೇ ವೀಸಾಕ್ಕಾಗಿ ಕಾಯಬೇಕು. ಹಾಯಿಗೆ ಗಾಳಿ ಹೇಗೋ, ನಮ್ಮಂಥವರ ವ್ಯಾನಿಗೆ ಕಾಗದ ಪತ್ರಗಳು ಹಾಗೆ.

ಆದರೆ ನಮ್ಮ ಮನೆಯ ಅಡ್ಡಿ ವೀಸಾದ್ದಲ್ಲ. ನರಸಾಪುರದ ಹೆದ್ದಾರಿಯಲ್ಲಿ ಬೆಳಗಿನ ಜಾವದಿಂದ ಹೋಂಡಾ ಮೊದಲಾದ ಕಾರ್ಖಾನೆಗಳಿಗೆ ಆಳುಗಳನ್ನು ತುಂಬಿಕೊಂಡು ವಾಹನಗಳು ಓಡುತ್ತವೆ. ನಮ್ಮಪ್ಪನ ಟೆಂಪೊ ಟೊಮೇಟೊ ಹೇರಿಕೊಂಡು ಮದರಾಸಿನ ಕೋಯಂಬೇಡಿಗೆ ಹೋಗುತ್ತದೆ. ಅವರು ಸಮುದ್ರವನ್ನು ಎಷ್ಟೋ ಸಲ ನೋಡಿದ್ದಾರೆ. ಬುತ್ತಿ ಕಟ್ಟಿಕೊಡುವ ನಮ್ಮಮ್ಮ ಒಮ್ಮೆಯೂ ನೋಡಿಲ್ಲ. ಪಕ್ಕದ ಸೀಟು ಖಾಲಿಯೇ ಇರುತ್ತದೆ. “ಅಮ್ಮನನ್ನೂ ಕರೆದುಕೊಂಡು ಹೋಗಪ್ಪ” ಎಂದು ಕಳೆದ ಬೇಸಿಗೆಯಲ್ಲಿ ಕೇಳಿದೆ.

“ಸೀಟಿಗೇನೋ ಬರ. ಎರಡು ಹೊತ್ತು ಹಾಲು ಕರೆದು ಡೈರಿಗೆ ಹಾಕೋರು ಯಾರು, ನೀನಾ?” ಎಂದರು ಅಪ್ಪ.

ಅಮ್ಮ ಒಳಗಿನಿಂದ ಏನೂ ಹೇಳಲಿಲ್ಲ. ಹೇಳಲಿಲ್ಲವೆಂಬುದೇ ನನಗೆ ಚುಚ್ಚಿತು. ಪ್ರವಾಸ ಕಥನಗಳನ್ನು ಓದಿ ವಾದಿಸುವ ನಾನು ಅಲ್ಲಿಯವರೆಗೂ ಹಾಲಿನ ಚೆಂಬನ್ನು ಹಿಡಿದವನೇ ಅಲ್ಲ. ಗಂಡಸರು ಬರೆದ ಪುಸ್ತಕಗಳನ್ನು ಆಕ್ಷೇಪಿಸುವ ಮೊದಲು ನನ್ನ ಹೆಸರನ್ನೂ ಆ ಸಾಲಿಗೆ ಸೇರಿಸಿಕೊಳ್ಳಬೇಕಾಯಿತು. ಮಾರನೆಯ ದಿನದಿಂದ ಅಮ್ಮನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಲಿಯುತ್ತಿದ್ದೇನೆ. ಎರಡು ಸಲ ಒದೆ ತಿಂದೆ. ಈಗ ಅರ್ಧ ಚೆಂಬಿನವರೆಗೆ ಕರೆಯಬಲ್ಲೆ. ಉಳಿದರ್ಧಕ್ಕೆ ಹಸು ಇನ್ನೂ ಅಮ್ಮನನ್ನೇ ಕೇಳುತ್ತದೆ.