ಫಾರ್ಮ್ಯಾಟ್ ಮಾಡುವ ಮೊದಲು ರ‍್ಯಾಮ್ ತೆಗೆದು ನೋಡಿ

ಲ್ಯಾಪ್‌ಟಾಪ್ ಪದೇ ಪದೇ ನಿಂತುಹೋಗುತ್ತಿದೆ ಎಂದು ನಮ್ಮೂರಿನ ರಿಪೇರಿ ಅಂಗಡಿಗೆ ಹೋದರೆ ಸಿಗುವ ಔಷಧಿ ಒಂದೇ: ಫಾರ್ಮ್ಯಾಟ್. ಜ್ವರಕ್ಕೂ ಅದೇ, ಹೊಟ್ಟೆನೋವಿಗೂ ಅದೇ, ಕಾಲು ಮುರಿದರೂ ಅದೇ. ಹೋದ ವಾರವಷ್ಟೇ ಹೊಸ ರ‍್ಯಾಮ್ ಹಾಕಿಸಿದ್ದೇವೆ, ತೊಂದರೆ ಶುರುವಾಗಿದ್ದೇ ಆಮೇಲೆ ಎಂದು ಬಿಡಿಸಿ ಹೇಳಿದರೂ ಔಷಧಿ ಬದಲಾಗುವುದಿಲ್ಲ. ರ‍್ಯಾಮ್ ಹಾಕಿಸಿದ ಮೇಲೆ ಕೈಕೊಟ್ಟ ಲ್ಯಾಪ್‌ಟಾಪನ್ನು ಪರೀಕ್ಷೆ ಮಾಡದೆ ಫಾರ್ಮ್ಯಾಟ್ ಮಾಡಲು ಯಾರೂ ಒಪ್ಪಬಾರದು ಎಂಬುದು ನನ್ನ ಅಭಿಪ್ರಾಯ. ಆ ಪರೀಕ್ಷೆಯನ್ನು ನಾವು ವಿದ್ಯಾರ್ಥಿಗಳೇ ಮಾಡಿಕೊಳ್ಳಬಹುದು, ಅದಕ್ಕೆ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಸ್ವಲ್ಪ ಜಾಗ ಬೇಕು ಎಂಬುದು ಎರಡನೆಯ ಮಾತು.

ಇದು ಸೈನ್ಸ್ ವಿಭಾಗದವರ ವಿಷಯ, ಕಾಮರ್ಸ್‌ನವಳಿಗೆ ಯಾಕೆ ಎಂದು ಕೆಲವರು ಕೇಳಬಹುದು. ನಮ್ಮ ತರಗತಿಯಲ್ಲಿ ಲ್ಯಾಪ್‌ಟಾಪ್ ಇರುವವರಲ್ಲಿ ಹೆಚ್ಚಿನವರದು ಸೆಕೆಂಡ್ ಹ್ಯಾಂಡ್. ಟ್ಯಾಲಿ ತೆರೆದು, ಪಕ್ಕದಲ್ಲಿ ಬ್ರೌಸರ್ ತೆರೆದರೆ 4 ಜಿಬಿ ರ‍್ಯಾಮ್ ಏದುಸಿರು ಬಿಡುತ್ತದೆ. ಹೊಸ ಲ್ಯಾಪ್‌ಟಾಪಿಗೆ ದುಡ್ಡಿಲ್ಲದಿದ್ದಾಗ ಕಡಿಮೆ ಖರ್ಚಿನಲ್ಲಿ ಆಗುವ ಕೆಲಸವೆಂದರೆ ಇನ್ನೊಂದು ರ‍್ಯಾಮ್ ಹಾಕಿಸುವುದು. ಹಾಗಾಗಿ ಈ ತೊಂದರೆ ಎಲ್ಲರಿಗಿಂತ ಹೆಚ್ಚು ಬರುವುದು ನಮ್ಮಂಥವರಿಗೇ.

ನಮ್ಮ ಮನೆಯ ಉದಾಹರಣೆಯನ್ನೇ ಕೊಡುತ್ತೇನೆ. ಐದು ಜನರಿಗೆ ಇರುವುದು ಒಂದೇ ಲ್ಯಾಪ್‌ಟಾಪ್. ನನಗೆ ಟ್ಯಾಲಿ, ಆಪಾಗೆ ಬಿ.ಎಡ್. ಪಾಠ ಯೋಜನೆಗಳು, ಅಬ್ಬಾಗೆ ಕಿರಾಣಿ ಅಂಗಡಿಯ ಉದ್ರಿ ಲೆಕ್ಕ, ತಮ್ಮನಿಗೆ ಕ್ರಿಕೆಟ್. ಅಮ್ಮಿ ಮಾತ್ರ ಅದನ್ನು ಮುಟ್ಟುವುದಿಲ್ಲ, ಧೂಳು ಒರೆಸುವುದನ್ನು ಬಿಟ್ಟು. ಮೊದಲಿದ್ದ 4 ಜಿಬಿ ಜೊತೆಗೆ 8 ಜಿಬಿಯ ಇನ್ನೊಂದು ರ‍್ಯಾಮ್ ಹಾಕಿಸಿದೆವು. ಎರಡು ದಿನ ಕುದುರೆಯ ಹಾಗೆ ಓಡಿತು. ಮೂರನೆಯ ದಿನ ನೀಲಿ ಪರದೆ ಬಂದು ತಾನೇ ಆಫ್ ಆಗಿ ಆನ್ ಆಯಿತು. ಆಮೇಲೆ ದಿನಕ್ಕೆ ನಾಲ್ಕೈದು ಸಲ. ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದು ಬರೆದಿರುತ್ತಿತ್ತು, ಇನ್ನೊಮ್ಮೆ ‘ಪೇಜ್ ಫಾಲ್ಟ್’ ಎಂದು, ಮತ್ತೊಮ್ಮೆ ಬೇರೇನೋ. ಹೀಗೆ ಪ್ರತಿ ಸಲ ಬೇರೆ ಬೇರೆ ದೋಷದ ಹೆಸರು ಬರುವುದೇ ರ‍್ಯಾಮ್ ಮೇಲೆ ಅನುಮಾನ ಪಡಲು ಒಂದು ಕಾರಣ ಎಂದು ನಂತರ ತಿಳಿಯಿತು.

ಅಂಗಡಿಗೆ ಒಯ್ದೆವು. ಅಲ್ಲಿ ಆನ್ ಮಾಡಿ ಐದು ನಿಮಿಷ ನೋಡಿದರು, ಏನೂ ಆಗಲಿಲ್ಲ. ರ‍್ಯಾಮ್ ಒಮ್ಮೆ ತೆಗೆದು ನೋಡುತ್ತೀರಾ ಎಂದು ನಾನು ಕೇಳಿದೆ. ಅವರು ಉತ್ತರ ಕೊಟ್ಟಿದ್ದು ನನ್ನ ಪಕ್ಕದಲ್ಲಿ ನಿಂತಿದ್ದ ತಮ್ಮನಿಗೆ: ‘ರ‍್ಯಾಮ್ ಹೊಸದಪ್ಪಾ, ಅದಕ್ಕೇನೂ ಆಗಿಲ್ಲ. ವಿಂಡೋಸ್ ಹೋಗಿದೆ.’ ತಮ್ಮ ಎಂಟನೇ ತರಗತಿ. ಅವನು ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸಿದ. 500 ರೂಪಾಯಿಗೆ ಫಾರ್ಮ್ಯಾಟ್ ಆಯಿತು. ಡಿ ಡ್ರೈವಿನಲ್ಲಿದ್ದದ್ದೆಲ್ಲ ಉಳಿಯಿತು. ಆಪಾ ತನ್ನ 22 ಪಾಠ ಯೋಜನೆಗಳನ್ನು ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದಳು. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲಿ, ಅವೆಲ್ಲ ಹೋದವು. ಮರುದಿನ ಸಂಜೆ ನೀಲಿ ಪರದೆ ಮತ್ತೆ ಬಂತು. ಎರಡನೆಯ ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, ಇದನ್ನು ಕೊಟ್ಟು ಬೇರೆ ತೆಗೆದುಕೊಳ್ಳಿ ಎಂದರು.

ಇಲ್ಲಿ ಎರಡು ವಿಷಯಗಳನ್ನು ಬಿಡಿಸಿ ಹೇಳಬೇಕು. ಒಂದು, ಅಂಗಡಿಯಲ್ಲಿ ಐದು ನಿಮಿಷ ಸರಿಯಾಗಿ ನಡೆದದ್ದು ಯಾಕೆ? ರ‍್ಯಾಮಿನಲ್ಲಿ ಕೋಟಿಗಟ್ಟಲೆ ಸಣ್ಣ ಸಣ್ಣ ಕೋಣೆಗಳಿರುತ್ತವೆ. ಅವುಗಳಲ್ಲಿ ಒಂದೋ ಎರಡೋ ಕೆಟ್ಟಿದ್ದರೆ, ಆ ಕೋಣೆಯನ್ನು ಬಳಸುವ ಸರದಿ ಬಂದಾಗಲೇ ತೊಂದರೆ. ಖಾಲಿ ಡೆಸ್ಕ್‌ಟಾಪ್ ನೋಡುತ್ತ ಕೂತರೆ ಆ ಸರದಿ ಬರದೇ ಇರಬಹುದು. ಟ್ಯಾಲಿ, ಬ್ರೌಸರ್, ವಿಡಿಯೋ ಎಲ್ಲ ಒಟ್ಟಿಗೆ ತೆರೆದಾಗ ಬಂದೇ ಬರುತ್ತದೆ. ಹೊಸದು ಎಂದಮಾತ್ರಕ್ಕೆ ಸರಿಯಿದೆ ಎಂದೂ ಅಲ್ಲ. ತರಕಾರಿ ಮಾರ್ಕೆಟಿನಲ್ಲಿ ಹೊಸ ಬದನೆಕಾಯಿಯಲ್ಲೂ ಹುಳು ಇರುತ್ತದೆ.

ಎರಡನೆಯದು ಇನ್ನೂ ಮುಖ್ಯ. ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕುವಾಗ ಪ್ರತಿಯೊಂದು ಫೈಲೂ ಅದೇ ರ‍್ಯಾಮ್ ಮೂಲಕ ಹಾದುಹೋಗಿ ಡಿಸ್ಕಿಗೆ ಬರೆಯಲ್ಪಡುತ್ತದೆ. ರ‍್ಯಾಮ್ ಕೆಟ್ಟಿದ್ದರೆ ಹೊಸ ವಿಂಡೋಸ್ ಕೂಡ ಹುಟ್ಟುವಾಗಲೇ ಊನವಾಗಿ ಹುಟ್ಟಬಹುದು. ಬ್ಯಾಕಪ್ ಕಥೆಯೂ ಅಷ್ಟೇ. ಅನುಮಾನದ ರ‍್ಯಾಮ್ ಒಳಗೇ ಇಟ್ಟುಕೊಂಡು ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಆ ಕಾಪಿಯನ್ನು ನಂಬುವ ಹಾಗಿಲ್ಲ. ಮೊದಲು ಹೊಸ ರ‍್ಯಾಮ್ ತೆಗೆಯಿರಿ, ಹಳೆಯದರಲ್ಲೇ ನಿಧಾನವಾಗಿ ನಡೆಯಲಿ, ಆಮೇಲೆ ಬ್ಯಾಕಪ್ ಮಾಡಿ.

ನಾವು ಅಕೌಂಟೆನ್ಸಿಯಲ್ಲಿ ಕಲಿತದ್ದು ಇದನ್ನೇ ಅಲ್ಲವೇ? ತಾಳೆಪಟ್ಟಿ ತಾಳೆಯಾಗದಿದ್ದರೆ ಯಾರೂ ಲೆಡ್ಜರ್ ಹರಿದು ಹಾಕಿ ಮೊದಲಿನಿಂದ ಬರೆಯುವುದಿಲ್ಲ. ಮೊದಲು ಮೊತ್ತ ಮತ್ತೆ ಕೂಡುತ್ತೇವೆ. ವ್ಯತ್ಯಾಸವನ್ನು ಅರ್ಧ ಮಾಡಿ, ಆ ಮೊತ್ತ ತಪ್ಪು ಬದಿಗೆ ಹೋಗಿದೆಯೇ ಎಂದು ಹುಡುಕುತ್ತೇವೆ. 9ರಿಂದ ಭಾಗವಾದರೆ 54 ಬರೆಯುವಲ್ಲಿ 45 ಬರೆದಂಥ ಅಂಕಿಯ ಅದಲುಬದಲು ಇದೆಯೇ ಎಂದು ನೋಡುತ್ತೇವೆ. ಎಲ್ಲ ಹುಡುಕಿಯೂ ಸಿಗದಿದ್ದಾಗ ಮಾತ್ರ ಅಮಾನತ್ತು ಖಾತೆ. ಅಂಗಡಿಯವರು ಮೊದಲ ಗಂಟೆಯಲ್ಲೇ ಅಮಾನತ್ತು ಖಾತೆ ತೆರೆಯುತ್ತಾರೆ, ಅದಕ್ಕೆ 500 ರೂಪಾಯಿ ನಾವು ಕೊಡುತ್ತೇವೆ.

ಪರೀಕ್ಷೆ ಮಾಡುವುದು ಹೇಗೆ? ಲ್ಯಾಪ್‌ಟಾಪ್ ಆಫ್ ಮಾಡಿ ಚಾರ್ಜರ್ ಕೀಳಿ, ಬ್ಯಾಟರಿ ತೆಗೆಯಲು ಬರುವಂತಿದ್ದರೆ ತೆಗೆಯಿರಿ. ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿಯಲು ಲೋಹದ ನಲ್ಲಿಯನ್ನು ಒಮ್ಮೆ ಮುಟ್ಟಿ ಬನ್ನಿ. ಎರಡೂ ಬದಿಯ ಕ್ಲಿಪ್ ಸರಿಸಿದರೆ ರ‍್ಯಾಮ್ ತಾನೇ ಮೇಲೆ ಏಳುತ್ತದೆ. ಅಂಚು ಹಿಡಿದು ತೆಗೆಯಬೇಕು, ಚಿನ್ನದ ಬಣ್ಣದ ಹಲ್ಲುಗಳನ್ನು ಮುಟ್ಟಬಾರದು. ಮತ್ತೆ ಹಾಕುವಾಗ ಓರೆಯಾಗಿ ಪೂರ್ತಿ ಒಳಗೆ ತೂರಿಸಿ ಕೆಳಗೆ ಒತ್ತಿದರೆ ಟಕ್ ಎಂದು ಕೂರುತ್ತದೆ. ಎಷ್ಟೋ ಸಲ ತೊಂದರೆ ಇಷ್ಟಕ್ಕೇ ಮುಗಿಯುತ್ತದೆ, ಏಕೆಂದರೆ ಅವಸರದಲ್ಲಿ ಹಾಕಿದ ರ‍್ಯಾಮ್ ಸರಿಯಾಗಿ ಕೂತಿರುವುದಿಲ್ಲ. (ಕೆಲವು ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಒಂದು ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅದನ್ನು ಕೀಳಲು ಹೋಗಬೇಡಿ. ವಾರಂಟಿ ಇರುವ ಲ್ಯಾಪ್‌ಟಾಪನ್ನೂ ಕೇಳದೆ ಬಿಚ್ಚಬೇಡಿ.)

ಅದರಿಂದಲೂ ಸರಿಹೋಗದಿದ್ದರೆ ಒಂದು ಸಲಕ್ಕೆ ಒಂದೇ ರ‍್ಯಾಮ್, ಒಂದೇ ಜಾಗ. ಹಳೆಯದು ಮಾತ್ರ ಇಟ್ಟು ಒಂದು ದಿನ ನಡೆಸಿ. ಆಮೇಲೆ ಹೊಸದು ಮಾತ್ರ. ಜಾಗ ಬದಲಿಸಿ ಮತ್ತೆ ನೋಡಿ. ಜೊತೆಗೆ ಪರೀಕ್ಷೆಯ ಸಾಫ್ಟ್‌ವೇರ್ ನಡೆಸಿ. ವಿಂಡೋಸ್ ಒಳಗೇ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಇದೆ, ಸ್ಟಾರ್ಟ್ ಮೆನುವಿನಲ್ಲಿ ಹುಡುಕಿದರೆ ಸಿಗುತ್ತದೆ. ಇನ್ನೂ ಕಟ್ಟುನಿಟ್ಟಾದದ್ದು ಮೆಮ್‌ಟೆಸ್ಟ್86. 1994ರಲ್ಲಿ ಮೊದಲು ಬಂದದ್ದು ಇವತ್ತಿಗೂ ಉಚಿತವಾಗಿ ಸಿಗುತ್ತದೆ. ಅದನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಬೇಕು. ರ‍್ಯಾಮಿನ ಪ್ರತಿ ಕೋಣೆಗೂ ಏನಾದರೂ ಬರೆದು, ಮತ್ತೆ ಓದಿ, ಬರೆದದ್ದೇ ಬಂತೇ ಎಂದು ತಾಳೆ ನೋಡುತ್ತದೆ. ಬರದಿದ್ದರೆ ಕೆಂಪು ಸಾಲು. ಗಂಟೆಗಟ್ಟಲೆ ಹಿಡಿಯುವ ಕೆಲಸ ಇದು. ರಾತ್ರಿ ಮಲಗುವಾಗ ಹಾಕಿಟ್ಟರೆ ಫಜರ್ ಹೊತ್ತಿಗೆ ಉತ್ತರ ಸಿಕ್ಕಿರುತ್ತದೆ.

ಉತ್ತರವನ್ನು ಓದುವುದು ಸುಲಭ. ಒಂದು ರ‍್ಯಾಮ್ ಎರಡೂ ಜಾಗದಲ್ಲಿ ಕೆಂಪು ತೋರಿಸಿದರೆ ದೋಷ ಆ ರ‍್ಯಾಮಿನದು. ಯಾವ ರ‍್ಯಾಮ್ ಹಾಕಿದರೂ ಒಂದೇ ಜಾಗದಲ್ಲಿ ಕೆಂಪು ಬಂದರೆ ಆ ಜಾಗದಲ್ಲಿ ಧೂಳಿದೆ ಅಥವಾ ಅದು ಕೆಟ್ಟಿದೆ. ಬೇರೆ ಬೇರೆಯಾಗಿ ಎರಡೂ ಪಾಸಾಗಿ, ಒಟ್ಟಿಗೆ ಹಾಕಿದಾಗ ಮಾತ್ರ ತೊಂದರೆಯಾದರೆ ಅವೆರಡಕ್ಕೂ ಹೊಂದಿಕೆಯಿಲ್ಲ. ಲ್ಯಾಪ್‌ಟಾಪಿನ ಡಿಡಿಆರ್3ಗೆ 204 ಪಿನ್, ಡಿಡಿಆರ್4ಗೆ 260, ಡಿಡಿಆರ್5ಗೆ 262, ಹಾಗಾಗಿ ಪೂರ್ತಿ ತಪ್ಪು ಜಾತಿಯದು ಒಳಗೇ ಹೋಗುವುದಿಲ್ಲ. ಮೋಸ ಆಗುವುದು ಒಂದೇ ಜಾತಿಯೊಳಗೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ 1.5 ವೋಲ್ಟಿನ ಡಿಡಿಆರ್3 ಮತ್ತು 1.35 ವೋಲ್ಟಿನ ಡಿಡಿಆರ್3ಎಲ್ ಎರಡೂ ಒಂದೇ ಕಿಂಡಿಯಲ್ಲಿ ಕೂರುತ್ತವೆ, ಆದರೆ ಕಡಿಮೆ ವೋಲ್ಟಿನದ್ದನ್ನೇ ಕೇಳುವ ಲ್ಯಾಪ್‌ಟಾಪಿಗೆ ಇನ್ನೊಂದು ಹಿಡಿಸುವುದಿಲ್ಲ. ಡಿಡಿಆರ್4ರಲ್ಲಿ 2400 ವೇಗದ್ದರ ಜೊತೆ 3200 ಹಾಕಿದರೆ ಎರಡೂ 2400ಕ್ಕೆ ಇಳಿದು ಸಾಮಾನ್ಯವಾಗಿ ನಡೆದುಕೊಂಡು ಹೋಗುತ್ತವೆ, ಕೆಲವು ಜೋಡಿಗಳು ಮಾತ್ರ ಜಗಳವಾಡುತ್ತವೆ. ಇನ್ನು ಹಳೆಯ ರ‍್ಯಾಮ್ ಒಂದನ್ನೇ ಇಟ್ಟು, ಅದು ಪರೀಕ್ಷೆಯಲ್ಲೂ ಪಾಸಾಗಿ, ಆಗಲೂ ನೀಲಿ ಪರದೆ ಬಂದರೆ ಡಿಸ್ಕು, ಬಿಸಿ, ಡ್ರೈವರ್ ಇವುಗಳ ಕಡೆ ನೋಡಬೇಕು. ಫಾರ್ಮ್ಯಾಟಿನ ಸರದಿ ಅದಕ್ಕೂ ಆಮೇಲೆ.

ನಮ್ಮದರಲ್ಲಿ ಹೊಸ 8 ಜಿಬಿ ಎರಡೂ ಜಾಗದಲ್ಲಿ ಪರದೆ ತುಂಬ ಕೆಂಪು ಸಾಲು ತೋರಿಸಿತು. ಹಳೆಯ 4 ಜಿಬಿ ನಾಲ್ಕು ಸುತ್ತೂ ಶುದ್ಧ. ಫೋನಿನಲ್ಲಿ ಫೋಟೋ ತೆಗೆದುಕೊಂಡು ಅಬ್ಬಾ ಜೊತೆ ರ‍್ಯಾಮ್ ಕೊಂಡ ಅಂಗಡಿಗೆ ಹೋದೆ. ಮಾಲು ಹೋಗುವಾಗ ಸರಿಯಿತ್ತು, ವಾಪಸ್ ಇಲ್ಲ ಎಂದರು. ಬಿಲ್ಲಿನಲ್ಲಿ ಬರೆದದ್ದು ‘ಕಂಪ್ಯೂಟರ್ ಐಟಂ’ ಎಂದಷ್ಟೇ. ಅಬ್ಬಾ ಕೂಡ ಅಂಗಡಿಯವರೇ ಆದ್ದರಿಂದ ಜೋರು ಮಾಡಲಿಲ್ಲ, ಫೋಟೋ ತೋರಿಸಿ ‘ನಿಮ್ಮದೇ ಲ್ಯಾಪ್‌ಟಾಪಿಗೆ ಹಾಕಿ ನೋಡಿ ಸಾಬ್, ನಾವು ಕಾಯ್ತೀವಿ’ ಎಂದು ಸ್ಟೂಲ್ ಮೇಲೆ ಕೂತರು. ಒಂದೂವರೆ ಗಂಟೆ ಕೂತೆವು. ಅವರ ಲ್ಯಾಪ್‌ಟಾಪಿನಲ್ಲೂ ಕೆಂಪೇ ಬಂತು. ಬೇರೆ ಕೊಟ್ಟರು.

ಎಲ್ಲರಿಗೂ ಹೀಗೆ ಕಾಯುವ ಅಬ್ಬಾ ಇರುವುದಿಲ್ಲ, ಆದ್ದರಿಂದ ಕಾನೂನು ಗೊತ್ತಿರಲಿ. ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ಗ್ರಾಹಕ ಸಂರಕ್ಷಣೆಯ ಅಧ್ಯಾಯವನ್ನು ನಾವು ಅಂಕಕ್ಕಾಗಿ ಓದುತ್ತೇವೆ. 2019ರ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನಗಳೊಳಗೆ, ವಾಪಸ್ ಪಡೆಯಲು ನಿರಾಕರಿಸುವುದೂ ಅದೇ ಸಾಲಿಗೆ ಸೇರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ರ‍್ಯಾಮ್ ಕೊಳ್ಳುವಾಗ ಬಿಲ್ಲಿನಲ್ಲಿ ಕಂಪನಿಯ ಹೆಸರು, ಎಷ್ಟು ಜಿಬಿ, ಯಾವ ಡಿಡಿಆರ್, ವೇಗ, ಸೀರಿಯಲ್ ಸಂಖ್ಯೆ ಇಷ್ಟನ್ನೂ ಬರೆಸಿಕೊಳ್ಳಿ. ಮೂವತ್ತು ದಿನ ಕಳೆಯುವ ಮೊದಲೇ ಪರೀಕ್ಷೆಯನ್ನೂ ಮುಗಿಸಿ.

ರಿಪೇರಿಯವರನ್ನು ಕಳ್ಳರೆಂದು ನಾನು ಹೇಳುತ್ತಿಲ್ಲ. ಅವರ ಮೇಜಿನ ಮೇಲೆ ಹನ್ನೆರಡು ಲ್ಯಾಪ್‌ಟಾಪ್ ಸಾಲಾಗಿ ಕಾಯುತ್ತಿರುತ್ತವೆ. ಮೂರು ಗಂಟೆ ಪರೀಕ್ಷೆ ಮಾಡಿ ‘ವಿಂಡೋಸ್ ಸರಿಯಿದೆ, ರ‍್ಯಾಮ್ ಬದಲಿಸಿ, 300 ರೂಪಾಯಿ ಕೊಡಿ’ ಎಂದರೆ ನಾವು ಯಾರಾದರೂ ಕೊಡುತ್ತೇವೆಯೇ? ಇಂಜೆಕ್ಷನ್ ಚುಚ್ಚದ ಡಾಕ್ಟರಿಗೆ ಫೀಸು ಕೊಡಲು ಮುಖ ಗಂಟು ಹಾಕುವ ಜನ ನಾವು. ಫಾರ್ಮ್ಯಾಟ್ ಮಾಡಿದರೆ ಹೊಸ ಪರದೆ ಕಾಣಿಸುತ್ತದೆ, ಕೆಲಸ ಆಯಿತು ಅನ್ನಿಸುತ್ತದೆ, ದುಡ್ಡು ಕೊಡುತ್ತೇವೆ. ಪರೀಕ್ಷೆಯ ಸಮಯಕ್ಕೂ ಬೆಲೆಯಿದೆ ಎಂದು ನಾವು ಒಪ್ಪುವವರೆಗೆ ಅವರು ಬದಲಾಗುವುದು ಕಷ್ಟ. ನಾನಂತೂ ಫಾರ್ಮ್ಯಾಟಿಗೆ 500 ಕೊಡುವ ಬದಲು ಪರೀಕ್ಷೆಗೆ 300 ಕೊಡಲು ತಯಾರಿದ್ದೇನೆ.

ಅದಕ್ಕೂ ಮುಂಚೆ ನಮ್ಮ ಕಾಲೇಜು ಒಂದು ಕೆಲಸ ಮಾಡಬಹುದು. ಶುಕ್ರವಾರ ಜುಮಾ ಬಿಡುವಿನ ನಂತರ ಕಂಪ್ಯೂಟರ್ ಲ್ಯಾಬಿನಲ್ಲಿ ತರಗತಿ ಇರುವುದಿಲ್ಲ. ಹಿಂದಿನ ಸಾಲಿನ ಎರಡು ಮೇಜು, ಎರಡು ಪ್ಲಗ್ ಪಾಯಿಂಟ್, ಒಂದು ಸಣ್ಣ ಸ್ಕ್ರೂಡ್ರೈವರ್ ಸೆಟ್ ಇದ್ದರೆ ಸಾಕು. ಲ್ಯಾಪ್‌ಟಾಪ್ ಕೆಟ್ಟವರು ಬೆಳಿಗ್ಗೆ ತಂದಿಡಲಿ, ಮನೆಯವರ ಒಪ್ಪಿಗೆಯ ಚೀಟಿಯೂ ಜೊತೆಗಿರಲಿ. ಬಿಚ್ಚುವ ಕೆಲಸ ಲ್ಯಾಬ್ ಸರ್ ಎದುರಿಗೇ ನಡೆಯಲಿ. ಯಾವ ರ‍್ಯಾಮ್, ಯಾವ ಜಾಗ, ಎಷ್ಟು ಸುತ್ತು, ಎಷ್ಟು ಕೆಂಪು ಎಂದು ಒಂದು ರಿಜಿಸ್ಟರಿನಲ್ಲಿ ಬರೆದಿಡುವ ಕೆಲಸವನ್ನು ನಮ್ಮ ಕಾಮರ್ಸ್ ವಿಭಾಗಕ್ಕೆ ಬಿಡಿ, ಕಾಲಂ ಹಾಕುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಪ್ರಿನ್ಸಿಪಾಲರು ಒಪ್ಪಿದರೆ ಮೆಮ್‌ಟೆಸ್ಟ್ ಹಾಕಿದ ಪೆನ್‌ಡ್ರೈವನ್ನು ನಾನೇ ಕೊಡುತ್ತೇನೆ. ಆಪಾ ಈಗ ಹದಿನಾಲ್ಕನೆಯ ಪಾಠ ಯೋಜನೆ ಮತ್ತೆ ಬರೆಯುತ್ತಿದ್ದಾಳೆ, ಇನ್ನೂ ಎಂಟು ಬಾಕಿ ಇವೆ.