ಎರಡು ವರ್ಷದ ಕಾಲೇಜಿಗೆ ಅಷ್ಟು ಖರ್ಚೇಕೆ ಎನ್ನುವವರಿಗೆ

ಅಮೆರಿಕದ ಕಮ್ಯೂನಿಟಿ ಕಾಲೇಜು ಎಂದರೆ ಎರಡು ವರ್ಷದ ಓದಿನ, ಕಡಿಮೆ ಶುಲ್ಕದ, ಅರ್ಜಿ ಹಾಕಿದವರನ್ನೆಲ್ಲ ಸೇರಿಸಿಕೊಳ್ಳುವ ಕಾಲೇಜು. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲೇ ಇಂಥದ್ದೊಂದು ಶುರುವಾಯಿತು. ಕಪ್ಪು ಜನರ ಮಕ್ಕಳು, ಲ್ಯಾಟಿನೊ ಮಕ್ಕಳು, ವಲಸೆ ಬಂದ ದುಡಿಮೆಗಾರರ ಮಕ್ಕಳು, ಮನೆತನದಲ್ಲೇ ಮೊದಲು ಕಾಲೇಜಿನ ಮುಖ ಕಂಡವರು ಇಲ್ಲಿಗೆ ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ. ಇವರನ್ನು ಇಲ್ಲಿಂದ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ಸ್ನಾತಕೋತ್ತರ ಪದವಿ, ಪಿಎಚ್.ಡಿ.ವರೆಗೆ ದಾಟಿಸಲು ಸಾರ್ವಜನಿಕ ಹಣ ಹಾಕಬಾರದು ಎನ್ನುವವರು ಅಲ್ಲಿ ಬಹಳ ಜನ. ಅವರ ಆಕ್ಷೇಪಗಳನ್ನು ನಮ್ಮ ಸರ್ಕಾರಿ ಪದವಿ ಕಾಲೇಜುಗಳ ವಿಷಯದಲ್ಲೂ ಕೇಳುತ್ತಲೇ ಇರುತ್ತೇವೆ. ಆದ್ದರಿಂದ ಉತ್ತರ ಕೊಡಲೇಬೇಕು.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು: "ಪ್ರತಿಭೆ ಇದ್ದವರು ಹೇಗಾದರೂ ಮೇಲೆ ಬರುತ್ತಾರೆ. ಬಾರದವರಿಗೆ ಯೋಗ್ಯತೆ ಇಲ್ಲ, ಅಷ್ಟೆ."

ಕಮ್ಯೂನಿಟಿ ಕಾಲೇಜಿಗೆ ಸೇರುವಾಗ ಪದವಿಯ ಆಸೆ ಇಟ್ಟುಕೊಂಡವರು ನೂರಕ್ಕೆ ಸುಮಾರು 80. ನಾಲ್ಕು ವರ್ಷದ ಕಾಲೇಜಿಗೆ ದಾಟುವವರು ಮೂರನೇ ಒಂದು ಭಾಗ. ಆರು ವರ್ಷದೊಳಗೆ ಪದವಿ ಕೈಗೆ ಸಿಗುವುದು ಸುಮಾರು 16 ಮಂದಿಗೆ. ಉಳಿದವರಿಗೆಲ್ಲ ಯೋಗ್ಯತೆ ಇಲ್ಲವೇ? ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯವಾದ ಕ್ಯೂನಿ ಇದನ್ನು ಪರೀಕ್ಷೆಗೇ ಒಡ್ಡಿತು. 2007ರಲ್ಲಿ ಅದು 'ಎಎಸ್‌ಎಪಿ' ಎಂಬ ಯೋಜನೆ ಆರಂಭಿಸಿತು. ಸೇರಿದವರು ಪೂರ್ಣಾವಧಿ ಓದಬೇಕು. ವಿದ್ಯಾರ್ಥಿವೇತನ ಸಾಲದೆ ಉಳಿದ ಶುಲ್ಕವನ್ನು ಯೋಜನೆಯೇ ತುಂಬುತ್ತದೆ, ಪಠ್ಯಪುಸ್ತಕಕ್ಕೆ ನೆರವು ಕೊಡುತ್ತದೆ, ಮೆಟ್ರೊ ಮತ್ತು ಬಸ್ಸಿಗೆ ಉಚಿತ ಪಾಸು ಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬ ಸಲಹೆಗಾರರ ಪಾಲಿಗೆ ಆಗ ಇದ್ದವರು 60ರಿಂದ 80 ವಿದ್ಯಾರ್ಥಿಗಳು ಮಾತ್ರ. ಅದೇ ಕಾಲೇಜುಗಳ ಮಾಮೂಲು ವ್ಯವಸ್ಥೆಯಲ್ಲಿ ಒಬ್ಬರ ತಲೆಯ ಮೇಲೆ 600ಕ್ಕೂ ಹೆಚ್ಚು.

ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ ಮೂರು ಕಾಲೇಜುಗಳ 896 ಬಡ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿತು. ಇವರು ಲೆಕ್ಕದಲ್ಲೋ ಇಂಗ್ಲಿಷಿನಲ್ಲೋ ಹಿಂದೆ ಬಿದ್ದವರು. ಒಂದು ಗುಂಪಿಗೆ ಯೋಜನೆ, ಇನ್ನೊಂದಕ್ಕೆ ಮಾಮೂಲು ಸೌಲಭ್ಯ. ಮೂರು ವರ್ಷದಲ್ಲಿ ಮಾಮೂಲು ಗುಂಪಿನಲ್ಲಿ ಕಮ್ಯೂನಿಟಿ ಕಾಲೇಜಿನ ಎರಡು ವರ್ಷದ ಓದು ಮುಗಿಸಿದವರು ಶೇ. 22, ಯೋಜನೆಯ ಗುಂಪಿನಲ್ಲಿ ಶೇ. 40. ಒಂದೇ ಊರು, ಒಂದೇ ಬಡತನ, ಒಂದೇ ಮಟ್ಟದ ಅಂಕಗಳು. ಬೇರೆಯಾದದ್ದು ಪಾಸು, ಪುಸ್ತಕ, ಮತ್ತು ಹೆಸರು ಹಿಡಿದು ಕರೆದು 'ಈ ವಾರ ಯಾಕೆ ಬರಲಿಲ್ಲ?' ಎಂದು ಕೇಳುವ ಒಬ್ಬ ಮನುಷ್ಯ. ನ್ಯೂಯಾರ್ಕಿನಂಥ ಮಹಾನಗರದಲ್ಲಿ ಮಾತ್ರ ಸಾಧ್ಯ ಎಂದವರೂ ಇದ್ದರು. ಓಹಾಯೊ ರಾಜ್ಯದಲ್ಲಿ ಮಾಡಿ ನೋಡಿದಾಗಲೂ ಹೆಚ್ಚುಕಡಿಮೆ ಇದೇ ಫಲ: ಶೇ. 19 ಇದ್ದದ್ದು ಶೇ. 35. ಈ ಅಂಕಿಗಳ ಮುಂದೆ ಯೋಗ್ಯತೆಯ ವಾದ ನಿಲ್ಲುವುದಿಲ್ಲ.

"ಖರ್ಚು ಯಾರಪ್ಪ ಕೊಡುವವರು?" ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ, ತೆರಿಗೆಯ ಹಣಕ್ಕೆ ಲೆಕ್ಕ ಕೇಳಲೇಬೇಕು. ಯೋಜನೆಯ ವಿದ್ಯಾರ್ಥಿಯೊಬ್ಬರಿಗೆ ಮೂರು ವರ್ಷದಲ್ಲಿ ಸುಮಾರು 16,300 ಡಾಲರ್ ಹೆಚ್ಚು ಖರ್ಚಾಯಿತು, ಮಾಮೂಲಿಗಿಂತ ಶೇ. 60ಕ್ಕೂ ಜಾಸ್ತಿ. ಆದರೆ ಓದು ಮುಗಿಸಿದವರ ಸಂಖ್ಯೆಯಿಂದ ಭಾಗಿಸಿದರೆ, ಹಾಗೆ ಮುಗಿಸಿದ ಒಬ್ಬೊಬ್ಬರಿಗೆ ತಗಲಿದ ವೆಚ್ಚ ಮಾಮೂಲಿಗಿಂತ ಶೇ. 11ರಷ್ಟು ಕಡಿಮೆ. ಅರ್ಧಕ್ಕೆ ಬಿಟ್ಟುಹೋದವರ ಮೇಲೆ ಸುರಿದ ಹಣವನ್ನು ವಿರೋಧಿಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ವಿದ್ಯಾರ್ಥಿಯ ನಷ್ಟವನ್ನಂತೂ ಯಾರೂ ಕೇಳುವುದಿಲ್ಲ. ಕಾಲೇಜು ಬದಲಿಸುವವರು ಸರಾಸರಿ ಶೇ. 43ರಷ್ಟು ಕ್ರೆಡಿಟ್ ಕಳೆದುಕೊಳ್ಳುತ್ತಿದ್ದರು ಎಂದು ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿಯೇ 2017ರಲ್ಲಿ ಅಂದಾಜು ಮಾಡಿತು. ಓದಿ, ಪಾಸಾಗಿ, ಹಣ ಕಟ್ಟಿ ಗಳಿಸಿದ್ದನ್ನು ಇನ್ನೊಂದು ಕಾಲೇಜು ಒಪ್ಪುವುದಿಲ್ಲ ಎಂದರೆ ತಪ್ಪು ಯಾರದು?

ದೊಡ್ಡ ವಿಶ್ವವಿದ್ಯಾಲಯಕ್ಕೆ ಇವರು ಬಂದರೆ ಮಟ್ಟ ಕುಸಿಯುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. ಜ್ಯಾಕ್ ಕೆಂಟ್ ಕುಕ್ ಪ್ರತಿಷ್ಠಾನದ 2019ರ ವರದಿಯ ಪ್ರಕಾರ, ಪ್ರವೇಶ ಕಠಿಣವಾದ ವಿಶ್ವವಿದ್ಯಾಲಯಗಳಲ್ಲಿ ಕಮ್ಯೂನಿಟಿ ಕಾಲೇಜಿನಿಂದ ಬಂದವರಲ್ಲಿ ಶೇ. 75ರಷ್ಟು ಜನ ಪದವಿ ಮುಗಿಸುತ್ತಾರೆ, ಹೈಸ್ಕೂಲಿನಿಂದ ನೇರ ಬಂದವರಲ್ಲಿ ಶೇ. 73. ಮಾನವ ಜೀನೋಮ್ ಓದಿದ ಕ್ರೇಗ್ ವೆಂಟರ್ ವಿಯೆಟ್ನಾಮಿನಿಂದ ಮರಳಿ ಸೇರಿದ್ದು ಸ್ಯಾನ್ ಮಟೆಯೊ ಕಾಲೇಜಿಗೆ. ಬಾಹ್ಯಾಕಾಶ ನೌಕೆಗೆ ಕಮಾಂಡರ್ ಆದ ಮೊದಲ ಮಹಿಳೆ ಐಲೀನ್ ಕಾಲಿನ್ಸ್ ಓದು ಆರಂಭಿಸಿದ್ದು ಕಾರ್ನಿಂಗ್ ಕಮ್ಯೂನಿಟಿ ಕಾಲೇಜಿನಲ್ಲಿ.

"ಇಂಥವರಿಗೆ ಕೈಕಸುಬು ಕಲಿಸಿದರೆ ಸಾಕು" ಎನ್ನುವವರು ತಮ್ಮ ಮಕ್ಕಳಿಗೂ ಹಾಗೆಯೇ ಹೇಳುತ್ತಾರೆಯೇ? ವೆಲ್ಡಿಂಗ್ ಕಲಿಯುವವರು ಕಲಿಯಲಿ, ಗೌರವದ ದುಡಿಮೆ ಅದು. ಪ್ರಯೋಗಾಲಯ ಬೇಕೆನ್ನುವವಳಿಗೆ ಪ್ರಯೋಗಾಲಯ ಸಿಗಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1992ರಲ್ಲಿ ಆರಂಭಿಸಿದ 'ಬ್ರಿಜಸ್' ಯೋಜನೆಯ ತಿರುಳು ಇದೇ ಆಗಿತ್ತು: ಕಮ್ಯೂನಿಟಿ ಕಾಲೇಜಿನ ವಿದ್ಯಾರ್ಥಿಗೆ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಸಂಬಳದ ಕೆಲಸ. ಬೇಸಿಗೆಯಲ್ಲಿ ಅಂಗಡಿಯಲ್ಲಿ ದುಡಿದು ಮನೆ ಬಾಡಿಗೆಗೆ ಕೊಡಬೇಕಾದ ಹುಡುಗಿ ಪುಕ್ಕಟೆ ಸಂಶೋಧನೆ ಮಾಡಲಾರಳು.

ಇದೆಲ್ಲ ಜನಾಂಗದ ಆಧಾರದ ಓಲೈಕೆ ಎಂಬ ಆರೋಪವಂತೂ ಎಎಸ್‌ಎಪಿಗೆ ತಗಲುವುದೇ ಇಲ್ಲ. ಅದು ಯಾರ ಜನಾಂಗವನ್ನೂ ನೋಡಿ ಸೇರಿಸಿಕೊಳ್ಳುವುದಿಲ್ಲ.

ಕೊನೆಗೆ ನಮ್ಮವರ ಮಾತು: "ಅದು ಅಮೆರಿಕ, ನಮಗೆ ಆಗಿಬರುವುದಿಲ್ಲ." ಆದರೆ ಆ ಯೋಜನೆಯ ಬಿಡಿಭಾಗಗಳು ನಮ್ಮಲ್ಲಿ ಆಗಲೇ ಇವೆ. 2023ರ ಜೂನ್‌ನಿಂದ 'ಶಕ್ತಿ' ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಬಸ್ಸು ಉಚಿತ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ 'ವಿದ್ಯಾಸಿರಿ'ಯಲ್ಲಿ ತಿಂಗಳಿಗೆ ಇಂತಿಷ್ಟು ಎಂದು ನೆರವು ಗೊತ್ತಾಗಿದೆ. ಇಲ್ಲದಿರುವುದು ಆ ಸಲಹೆಗಾರ. ಐಐಟಿಗಳಲ್ಲಿ ಎಂ.ಎಸ್ಸಿ.ಗೆ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ 'ಜ್ಯಾಮ್' ಎಂಬ ಪರೀಕ್ಷೆ ಬರೆಯಬೇಕು. ಅದು ನಡೆಯುವುದು ಫೆಬ್ರವರಿಯಲ್ಲಿ, ಅರ್ಜಿ ಅದಕ್ಕೂ ತಿಂಗಳುಗಳ ಮುಂಚೆ. ತಾಲ್ಲೂಕು ಕಾಲೇಜಿನ ಕೊನೆಯ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿನಿಗೆ ಇದನ್ನು ಸಮಯಕ್ಕೆ ಸರಿಯಾಗಿ ಹೇಳುವವರು ಯಾರು? ಮುಂದಿನ ವರ್ಷ ತಾನೇ ಇರುತ್ತೇನೋ ಇಲ್ಲವೋ ಎಂದು ತಿಳಿಯದ ಅತಿಥಿ ಉಪನ್ಯಾಸಕರ ಮೇಲೆ ಈ ಹೊರೆಯನ್ನೂ ಹಾಕುವುದು ಅನ್ಯಾಯ.

ಪ್ರತಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೂ ಇದೇ ಕೆಲಸಕ್ಕೆಂದು ಕಾಯಂ ಸಲಹೆಗಾರರೊಬ್ಬರನ್ನು ನೇಮಿಸಬೇಕು. ಈ ಕಾಲೇಜುಗಳ ಅಭಿವೃದ್ಧಿ ಸಮಿತಿಗೆ ಆ ಕ್ಷೇತ್ರದ ಶಾಸಕರೇ ಅಧ್ಯಕ್ಷರು. ನಿಮ್ಮ ಮಗಳೋ ತಮ್ಮನೋ ಅಲ್ಲಿ ಓದುತ್ತಿದ್ದರೆ, ಮುಂದಿನ ಸಭೆಗೆ ಮೊದಲು ಈ ಬೇಡಿಕೆಯನ್ನು ಬರೆದು ಅವರ ಕೈಗೆ ಕೊಡಿ.