ನಿದ್ದೆಗೆ ಗುಳಿಗೆಯಲ್ಲ, ಲೆಕ್ಕದ ಪುಸ್ತಕ

"ಡಾಕ್ಟ್ರೇ, ರಾತ್ರಿ ನಿದ್ದೆಯಿಲ್ಲ, ಎದೆ ಡವಡವ." ಜುಲೈ ಮಳೆಯ ಜತೆಗೇ ಈ ದೂರೂ ಬರುತ್ತದೆ. ಪುತ್ತೂರು, ಸುಳ್ಯ, ಕಡಬದ ಫೋಟೋಗ್ರಾಫರು, ಮನೆಯ ನಕ್ಷೆ ಬರೆಯುವವರು, ಹೀಗೆ ಸ್ವಂತ ದುಡಿಮೆಯವರೇ ಹೆಚ್ಚು. ವಿಚಾರಿಸಿದರೆ ಆದಾಯ ತೆರಿಗೆ ರಿಟರ್ನ್ ಬಾಕಿ. ವರ್ಷದ ರಶೀದಿಗಳೆಲ್ಲ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ!

ಇದಕ್ಕೆ ನಿದ್ದೆ ಗುಳಿಗೆ ಮದ್ದಲ್ಲ. ಪ್ರತಿ ಭಾನುವಾರ ಅರ್ಧ ಗಂಟೆ ಕುಳಿತು ವಾರದ ಜಮಾ, ಖರ್ಚು ಬರೆಯಿರಿ. ಅಡಿಕೆಯಂಥ ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆಯಿಲ್ಲ, ಕಸುಬಿನ ಸಂಪಾದನೆಗಿದೆ. ಎರಡನ್ನೂ ಬೇರೆ ಬೇರೆ ಪುಟದಲ್ಲಿಡಿ. ಹೊಸ ಲೆಕ್ಕ ಏಪ್ರಿಲ್ 1ಕ್ಕೆ, ಪುತ್ತೂರು ಜಾತ್ರೆಗೆ ಮೊದಲೇ ತೆರೆಯಲಿ. ಗೊತ್ತಿಲ್ಲದ ಮೊತ್ತವೇ ಹೆಚ್ಚು ಹೆದರಿಸುವುದು.

ಆದರೆ ನೆನಪಿಡಿ: ಎದೆ ಹಿಂಡಿದಂತಾಗಿ ಬೆವರು ಬಂದರೆ, "ತೆರಿಗೆಯ ಟೆನ್ಷನ್" ಎಂದು ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಲೆಕ್ಕ ಆಮೇಲೆ.